ಫೈಲಿನಲ್ಲಿ ತೂಕ ಇರುವುದಿಲ್ಲ

ಹೋದ ವರ್ಷ ನಮ್ಮ ಆಫೀಸಿನಲ್ಲಿ ಒಂದು ಪುಟ್ಟ ಪ್ರದರ್ಶನ ನಡೆಯಿತು. ಯಾರ್ಯಾರು ಬಿಡುವಿನಲ್ಲಿ ಏನೇನು ಮಾಡಿದ್ದಾರೋ ಅದನ್ನೆಲ್ಲ ತಂದು ಟೇಬಲ್ ಮೇಲೆ ಇಡುವುದು. ಒಬ್ಬನದು ಡ್ರೋನು, ಇನ್ನೊಬ್ಬಳದು ತಾನೇ ನೀರು ಹಾಕಿಕೊಳ್ಳುವ ಹೂಕುಂಡ. ಮಧ್ಯದ ಟೇಬಲ್ಲಿನಲ್ಲಿ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ತ್ರೀಡಿ ಪ್ರಿಂಟರಿನಲ್ಲಿ ತೆಗೆದ ಒಂದು ಕದಿರು. ನೂಲು ತೆಗೆಯುವ ಕದಿರು. ಒಂದು ಕಡ್ಡಿ, ಕೆಳಗಡೆ ಒಂದು ದುಂಡನೆ ಬಿಲ್ಲೆ, ಅಷ್ಟೇ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಒಂದು ಚೀಟಿ. ಅದರ ಅರ್ಥ: "ಕಳೆದುಹೋದ ಪ್ರಾಚೀನ ಉಪಕರಣವೊಂದರ ಮರುಸೃಷ್ಟಿ."

ಜನ ಬಂದರು, ಫೋಟೋ ತೆಗೆದರು, "ವಾವ್" ಅಂದರು. ಮ್ಯಾನೇಜರ್ ಸಾಹೇಬರು ಅದನ್ನು ಕೈಯಲ್ಲಿ ಹಿಡಿದು ಭಾರತೀಯ ಜ್ಞಾನ ಪರಂಪರೆಯ ಬಗ್ಗೆ ಎರಡು ನಿಮಿಷ ಮಾತಾಡಿದರು.

ಆ ಕದಿರು ಮಾಡಿದವನು ನಾನೇ. ಆ ಚೀಟಿ ಬರೆದವನೂ ನಾನೇ. ಹಾಗಾಗಿ ಈ ಬರಹದಲ್ಲಿ ಬೈಸಿಕೊಳ್ಳುವವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು ಅಂತ ಮೊದಲೇ ಹೇಳಿಬಿಡುತ್ತೇನೆ.

ಮುಂದಿನ ವಾರ ಹಬ್ಬಕ್ಕೆ ಊರಿಗೆ ಹೋದೆ. ನಮ್ಮೂರು ಚಳ್ಳಕೆರೆ ಕಡೆ. ಕುರಿ, ಕಂಬಳಿ, ಬಿಸಿಲು, ಮೂರಕ್ಕೂ ಹೆಸರಾದ ಸೀಮೆ. ಅಜ್ಜಿಗೆ ತೋರಿಸೋಣ ಅಂತ ಕದಿರನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿದ್ದೆ. ಅಜ್ಜಿ ಎಂಬತ್ತು ದಾಟಿದವಳು. ಮದುವೆಯಾಗಿ ಬಂದಾಗಿನಿಂದ ಕಣ್ಣು ಮಂಜಾಗುವವರೆಗೂ ಉಣ್ಣೆ ನೂತವಳು. ಕೈಗೆ ಕೊಟ್ಟೆ. ಒಂದು ಸಲ ಹಿಂದೆಮುಂದೆ ತಿರುಗಿಸಿ ನೋಡಿದಳು.

"ಏನ್ಲಾ ಇದು, ಬೆಂಡು? ತೂಕಾನೇ ಇಲ್ವಲ್ಲೋ."

"ಕದಿರು ಅಜ್ಜಿ. ಹಳೇ ಕಾಲದ್ದು. ನಾನೇ ಮಾಡಿದ್ದು."

"ಹಳೇ ಕಾಲದ್ದಾ?" ಅಂದವಳು ಎದ್ದು, ನಡುಮನೆಯ ಸೂರಿನ ಸಂದಿಗೆ ಕೈ ಹಾಕಿ ಏನನ್ನೋ ತಡಕಾಡಿ ಎಳೆದಳು. ಧೂಳಿನ ಜೊತೆ ಒಂದು ಕದಿರು ಕೆಳಗೆ ಬಂತು. ಬಿದಿರಿನ ಕಡ್ಡಿ, ಬುಡಕ್ಕೆ ಬಳಪದ ಕಲ್ಲಿನ ಬಿಲ್ಲೆ. ನಮ್ಮಜ್ಜ ಕುರಿ ಹಿಂದೆ ನಡೀತಾ ನಡೀತಾ ನೂಲುತ್ತಿದ್ದ ಕದಿರು.

ಅಂದರೆ ನಾನು ಯಾವುದೋ ದೇಶದ ಮ್ಯೂಸಿಯಮ್ಮಿನ ಸ್ಕ್ಯಾನ್ ಡೌನ್‌ಲೋಡ್ ಮಾಡಿ, ಮೂರು ರಾತ್ರಿ ಕೂತು ಸರಿಪಡಿಸಿ, "ಕಳೆದುಹೋಗಿದೆ" ಅಂತ ಚೀಟಿ ಬರೆದಿಟ್ಟ ಉಪಕರಣ ನಮ್ಮನೆ ಸೂರಿನಲ್ಲೇ ಇತ್ತು. ನಾನು ಹುಟ್ಟಿ ಬೆಳೆದ ಮನೆ. ಆ ಸಂದಿಯ ಕೆಳಗೇ ಮಲಗಿ ಎಸ್ಸೆಸ್ಸೆಲ್ಸಿಗೆ ಓದಿದವನು ನಾನು. ಅದು ಕಳೆದುಹೋಗಿರಲಿಲ್ಲ, ನಾನು ಕೇಳಿರಲಿಲ್ಲ.

ಎರಡನ್ನೂ ಎತ್ತಿಕೊಂಡು ಪಕ್ಕದ ಕಿರಾಣಿ ಅಂಗಡಿಗೆ ಹೋಗಿ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಟ್ಟೆ. ಬಿಲ್ಲೆಗಳ ಅಳತೆ ಹೆಚ್ಚೂಕಮ್ಮಿ ಒಂದೇ. ತೂಕ? ನನ್ನದು ಏಳು ಗ್ರಾಂ, ಅಜ್ಜನದು ಮೂವತ್ತಮೂರು.

ಇದು ಯಾಕೆ ಹೀಗೆ ಅಂತ ಇಂಜಿನಿಯರುಗಳಿಗೆ ವಿವರಿಸಿ ಹೇಳಬೇಕಿಲ್ಲ. ಆದರೂ ಹೇಳುತ್ತೇನೆ, ಯಾಕಂದ್ರೆ ನನಗೂ ತಕ್ಕಡಿ ಹೇಳೋವರೆಗೆ ತಲೆಗೆ ಹೋಗಿರಲಿಲ್ಲ. ನಾವು ಪ್ರಿಂಟರಿಗೆ ಕೊಡುವ ಎಸ್‌ಟಿಎಲ್ ಫೈಲಿನಲ್ಲಿ ಏನಿರುತ್ತೆ? ತ್ರಿಕೋನಗಳು. ವಸ್ತುವಿನ ಮೇಲ್ಮೈಯನ್ನು ಮುಚ್ಚುವ ಸಾವಿರಾರು ತ್ರಿಕೋನಗಳು, ಅಷ್ಟೇ. ಒಳಗೆ ಏನಿದೆ ಅಂತ ಇಲ್ಲ. ಮಣ್ಣೋ ಕಲ್ಲೋ ಕಂಚೋ ಅಂತ ಇಲ್ಲ. ಅಳತೆ ಮಿಲಿಮೀಟರಿನಲ್ಲೋ ಇಂಚಿನಲ್ಲೋ ಅನ್ನೋದು ಕೂಡ ಅದರಲ್ಲಿ ಬರೆದಿರುವುದಿಲ್ಲ. ತೂಕದ ಮಾತಂತೂ ದೂರ.

ಲೆಕ್ಕ ಹಾಕಿ ನೋಡಿ. 4 ಸೆಂಟಿಮೀಟರ್ ಅಗಲ, 1 ಸೆಂಟಿಮೀಟರ್ ದಪ್ಪದ ಬಿಲ್ಲೆ ಅಂದರೆ ಸುಮಾರು 12.5 ಘನ ಸೆಂಟಿಮೀಟರ್. ಬಳಪದ ಕಲ್ಲಿನಲ್ಲಿ ಮಾಡಿದರೆ 34 ಗ್ರಾಂ ಹತ್ತಿರ. ಸುಟ್ಟ ಮಣ್ಣಾದರೆ 24ರ ಆಸುಪಾಸು. ಪಿಎಲ್‌ಎ ಪ್ಲಾಸ್ಟಿಕ್ಕಿನ ಸಾಂದ್ರತೆ 1.24, ಗಟ್ಟಿಯಾಗಿ ತುಂಬಿಸಿದರೂ 15-16 ಗ್ರಾಂ. ಆದರೆ ನಾವು ಯಾರೂ ತುಂಬಿಸಲ್ಲವಲ್ಲ. ಒಳಗೆ 15 ಪರ್ಸೆಂಟ್ ಜೇನುಗೂಡು, ಹೊರಗೆ ತೆಳ್ಳನೆ ಗೋಡೆ. ಸಮಯ ಉಳಿಯುತ್ತೆ, ಫಿಲಮೆಂಟ್ ಉಳಿಯುತ್ತೆ. ಕೊನೆಗೆ ಕೈಗೆ ಬರುವುದು ಕದಿರಿನ ವೇಷ ಹಾಕಿದ ಟೊಳ್ಳು.

ಕದಿರಿನ ಕೆಲಸ ನಡೆಯುವುದೇ ತೂಕದ ಮೇಲೆ. ಬೆರಳಿನಿಂದ ಒಂದು ಸಲ ತಿರುವಿ ಬಿಟ್ಟರೆ, ಎಳೆಗೆ ಬೇಕಾದಷ್ಟು ಹುರಿ ಬೀಳುವವರೆಗೆ ಅದು ತಿರುಗುತ್ತಲೇ ಇರಬೇಕು. ಆ ತಾಕತ್ತು ಬರುವುದು ಬಿಲ್ಲೆಯ ಭಾರದಿಂದ, ಅದರಲ್ಲೂ ಅಂಚಿನಲ್ಲಿರುವ ಭಾರದಿಂದ. ಭಾರ ಕಡಿಮೆಯಾದರೆ ಅರ್ಧ ತಿರುಗಿ ನಿಂತು ವಾಪಸ್ ಬಿಚ್ಚಿಕೊಳ್ಳುತ್ತೆ. ಜಾಸ್ತಿಯಾದರೆ ಸಣ್ಣ ಎಳೆ ಪಟ್ಟಂತ ಕಡಿದುಹೋಗುತ್ತೆ. ಇದರ ಮೇಲೆ ಪ್ರಿಂಟರಿನ ಪದರಗಳ ಗೆರೆ ಬೇರೆ. ಉಜ್ಜಿ ನಯ ಮಾಡದಿದ್ದರೆ ಒಂದೊಂದು ಗೆರೆಗೂ ಉಣ್ಣೆ ಸಿಕ್ಕಿಕೊಳ್ಳುತ್ತೆ.

ಅಜ್ಜಿ ಏನು ಮಾಡಿದಳು ಗೊತ್ತಾ? ಬಾಗಿಲ ಪಕ್ಕ ಬಿದ್ದಿದ್ದ ಬೈಂಡಿಂಗ್ ವೈರನ್ನು ನನ್ನ ಬಿಲ್ಲೆಯ ಅಂಚಿಗೆ ಎಂಟು ಹತ್ತು ಸುತ್ತು ಬಿಗಿದಳು. ತಿರುವಿ ನೋಡಿದಳು. ಇನ್ನೆರಡು ಸುತ್ತು. ಮತ್ತೆ ತಿರುವಿದಳು. ತಿರುಗಿತು. ಎರಡು ನಿಮಿಷದಲ್ಲಿ ನನ್ನ ಮೂರು ರಾತ್ರಿಯ ಕೆಲಸಕ್ಕೆ ಬಗ್ ಫಿಕ್ಸ್. ಆಮೇಲೆ ಅದನ್ನು ನನ್ನ ಕೈಗೆ ವಾಪಸ್ ಕೊಡುತ್ತಾ ಕೇಳಿದಳು: "ಇದ್ರಾಗೆ ನೂತು ಯಾರಿಗ್ ಕೊಡಾನ?"

ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ನಮ್ಮ ಜಾತಿಯವರ, ಅಂದರೆ ಪ್ರಿಂಟರ್ ಇಟ್ಟುಕೊಂಡವರ, ಇನ್ನೊಂದು ರೋಗದ ಬಗ್ಗೆ ಹೇಳಬೇಕು.

ರೋಮನ್ ಡೋಡೆಕಾಹೆಡ್ರನ್ ಅಂತ ಯೂಟ್ಯೂಬಿನಲ್ಲಿ ಹುಡುಕಿ. ಹನ್ನೆರಡು ಮುಖದ, ಒಳಗೆ ಟೊಳ್ಳಾದ ಕಂಚಿನ ವಸ್ತು. ಒಂದೊಂದು ಮುಖದಲ್ಲೂ ಒಂದೊಂದು ಅಳತೆಯ ತೂತು, ಮೂಲೆಮೂಲೆಗೂ ಗುಂಡಿ. ಬ್ರಿಟನ್, ಫ್ರಾನ್ಸ್, ಜರ್ಮನಿ ಕಡೆ ಇಂಥವು ನೂರಕ್ಕೂ ಹೆಚ್ಚು ಸಿಕ್ಕಿವೆ. ರೋಮನ್ನರ ಯಾವ ಬರಹದಲ್ಲೂ ಇದರ ಸುದ್ದಿ ಇಲ್ಲ. ಹಾಗಾಗಿ ಇದು ಏನಕ್ಕೆ ಅಂತ ಯಾರಿಗೂ ಖಾತ್ರಿಯಿಲ್ಲ. ಹತ್ತು ವರ್ಷದ ಹಿಂದೆ ಹವ್ಯಾಸಿಗಳು ಇದನ್ನು ಪ್ರಿಂಟ್ ಮಾಡಿ, ಗುಂಡಿಗಳಿಗೆ ಉಲ್ಲನ್ ಸಿಕ್ಕಿಸಿ ಕೈಗವಸಿನ ಬೆರಳು ಹೆಣೆದು ತೋರಿಸಿದರು. ವಿಡಿಯೋ ಓಡಿತು. "ಪುರಾತತ್ವದವರಿಗೆ ತಿಳಿಯದ್ದು ಒಬ್ಬ ಹೆಣೆಯುವ ಅಜ್ಜಿಗೆ ತಿಳಿಯಿತು" ಅಂತ ಇವತ್ತಿಗೂ ವಾಟ್ಸಾಪಿನಲ್ಲಿ ಬರುತ್ತೆ.

ಓದಲು ಚೆನ್ನಾಗಿದೆ. ಆದರೆ ಒಂದು ನಿಮಿಷ ಯೋಚಿಸಿ. ಗುಂಡಿಗಳಿಗೆ ಸಿಕ್ಕಿಸಿ ಹೆಣೆಯುವಾಗ ಕೊಳವೆ ಎಷ್ಟು ದಪ್ಪ ಬರುತ್ತೆ ಅನ್ನೋದನ್ನು ತೀರ್ಮಾನಿಸುವುದು ಗುಂಡಿಗಳ ನಡುವಿನ ಅಂತರ, ಮಧ್ಯದ ತೂತಿನ ಅಳತೆ ಅಲ್ಲ. ಈ ವಸ್ತುವಿನಲ್ಲಿ ಎಲ್ಲ ಮುಖಗಳೂ ಒಂದೇ ಅಳತೆ, ಗುಂಡಿಗಳ ಅಂತರವೂ ಒಂದೇ. ಅಂದಮೇಲೆ ಹನ್ನೆರಡರಲ್ಲಿ ಯಾವ ಮುಖದಲ್ಲಿ ಹೆಣೆದರೂ ಬೆರಳು ಒಂದೇ ದಪ್ಪ. ಮತ್ತೆ ಬೇರೆ ಬೇರೆ ತೂತು ಯಾಕೆ? ಐದು ಮೊಳೆ ಹೊಡೆದ ಮರದ ತುಂಡು ಮಾಡುವ ಕೆಲಸಕ್ಕೆ ಕಂಚು ಕರಗಿಸಿ ಎರಕ ಹೊಯ್ಯುವ ದುಬಾರಿ ಉಸಾಬರಿ ಯಾಕೆ? 2023ರಲ್ಲಿ ಇಂಗ್ಲೆಂಡಿನ ನಾರ್ಟನ್ ಡಿಸ್ನಿ ಎಂಬ ಊರಿನಲ್ಲಿ ಒಂದು ಡೋಡೆಕಾಹೆಡ್ರನ್ ಪೂರ್ತಿಯಾಗಿ ಸಿಕ್ಕಿತು. ಅದರ ಮೇಲೆ ಬಳಸಿ ಸವೆದ ಗುರುತೇ ಇರಲಿಲ್ಲ. ಆ ಬಗೆಯ ಹೆಣಿಗೆಗೆ ಯುರೋಪಿನಲ್ಲಿ ಸಾಕ್ಷಿ ಸಿಗುವುದು ರೋಮನ್ನರ ನಂತರ ಎಷ್ಟೋ ಶತಮಾನಗಳಾದ ಮೇಲೆ.

ಪ್ರಿಂಟ್ ಮಾಡಿದ್ದು "ವರ್ಕ್ ಆಗುತ್ತೆ" ಅನ್ನೋದಕ್ಕೂ "ಅದನ್ನೇ ಮಾಡುತ್ತಿದ್ದರು" ಅನ್ನೋದಕ್ಕೂ ನಡುವೆ ದೊಡ್ಡ ಕಂದಕ ಇದೆ. ನಮ್ಮ ಕೆಲಸದಲ್ಲಿ ಯಾರಾದರೂ "ನನ್ನ ಮಷೀನಿನಲ್ಲಿ ಓಡ್ತಿದೆ" ಅಂದರೆ ನಗುತ್ತೇವೆ. ಇತಿಹಾಸದ ವಿಷಯ ಬಂದಾಗ ಮಾತ್ರ ಅದೇ ಮಾತಿಗೆ ಚಪ್ಪಾಳೆ ಹೊಡೆಯುತ್ತೇವೆ.

ಇದನ್ನು ಸರಿಯಾಗಿ ಮಾಡುವವರು ಇಲ್ಲ ಅಂತಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಜವಳಿ ಸಂಶೋಧನೆಗೇ ಒಂದು ಕೇಂದ್ರ ಇದೆ. ಅಲ್ಲಿಯವರು ಕಂಚಿನ ಯುಗದ ಕದಿರು ಬಿಲ್ಲೆಗಳ ಪ್ರತಿಗಳನ್ನು ಮಾಡಿದಾಗ ಆಕಾರದ ಜೊತೆ ತೂಕವನ್ನೂ ಹಿಡಿದರು. ಆಮೇಲೆ ಅದನ್ನು ಕೊಟ್ಟಿದ್ದು ನುರಿತ ನೂಲುವವರ ಕೈಗೆ. ಎಷ್ಟು ನೂಲು ಬಂತು, ಎಷ್ಟು ದಪ್ಪ ಬಂತು, ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಟ್ಟರು. ಹಗುರ ಬಿಲ್ಲೆಗೆ ಸಣ್ಣ ನೂಲು, ಭಾರದ ಬಿಲ್ಲೆಗೆ ದಪ್ಪ ನೂಲು ಅಂತ ಸ್ಪಷ್ಟವಾಯಿತು. ಹೀಗಾಗಿ ಈಗ ಒಂದು ಊರಿನ ಅಗೆತದಲ್ಲಿ ಸಿಕ್ಕ ಬಿಲ್ಲೆಗಳನ್ನು ತೂಗಿ ನೋಡಿ, ಅಲ್ಲಿ ಎಂಥ ಬಟ್ಟೆ ನೇಯುತ್ತಿದ್ದಿರಬಹುದು ಅಂತ ಊಹಿಸಬಹುದು. ಇದು ಮರುಸೃಷ್ಟಿ. ನಾನು ಟೇಬಲ್ಲಿನ ಮೇಲೆ ಇಟ್ಟಿದ್ದು ಆಟಿಕೆ.

ಈಗ ಇನ್ನೊಂದು ಕಡೆಯವರಿಗೂ ಸ್ವಲ್ಪ ಬಡಿಸಬೇಕು. ಈ ಕಥೆ ಹೇಳಿದರೆ ಕೆಲವರು ಖುಷಿಯಾಗುತ್ತಾರೆ. "ಅದಕ್ಕೇ ನಾವು ಹೇಳೋದು, ಪ್ಲಾಸ್ಟಿಕ್ ತಂದು ಪರಂಪರೆ ಕೆಡಿಸಬೇಡಿ" ಅಂತ. ಕ್ಷಮಿಸಿ, ನಿಮ್ಮ ಜೊತೆಗೂ ನಾನಿಲ್ಲ. ಒಡೆದ ಮಡಕೆಯ ಚೂರನ್ನು ದುಂಡಗೆ ಉಜ್ಜಿ, ನಡುವೆ ತೂತು ಕೊರೆದು ಮಾಡಿದ ಕದಿರು ಬಿಲ್ಲೆಗಳು ಜಗತ್ತಿನ ಎಷ್ಟೋ ಕಡೆ ಸಿಗುತ್ತವೆ. ಅಂದರೆ ಕೈಗೆ ಸಿಕ್ಕ ಕಸದಲ್ಲಿ ಉಪಕರಣ ಮಾಡಿಕೊಳ್ಳುವುದೇ ನಿಜವಾದ ಪರಂಪರೆ. ನಾವು "ಸಾಂಪ್ರದಾಯಿಕ ಕೈಮಗ್ಗ" ಅಂತ ಕೈಮುಗಿಯುವ ಮಗ್ಗದಲ್ಲಿ ಹಗ್ಗ ಎಳೆದರೆ ಓಡುವ ಲಾಳಿ ಇದೆಯಲ್ಲ, ಅದಕ್ಕೆ 1733ರಲ್ಲಿ ಪೇಟೆಂಟ್ ತೆಗೆದುಕೊಂಡವನು ಇಂಗ್ಲೆಂಡಿನ ಜಾನ್ ಕೇ. ರೇಷ್ಮೆ ಸೀರೆಯ ಸೆರಗಿನಲ್ಲಿ ನವಿಲು ಬಿಡಿಸುವ ಜಕಾರ್ಡ್ 1804ರ ಹೊತ್ತಿಗೆ ಫ್ರಾನ್ಸಿನ ಲಿಯಾನ್‌ನಲ್ಲಿ ರೂಪ ಪಡೆದದ್ದು. ನೇಕಾರರ ಊರಿಗೆ ಹೋಗಿ ನೋಡಿ, ಕಂಡಿಕೆ ಸುತ್ತುವ ರಾಟೆಗೆ ಹಳೇ ಸೈಕಲ್ ಚಕ್ರ ಇರುತ್ತೆ. ಬೇಕಾದ್ದನ್ನು ತಗೊಳ್ಳೋಕೆ ನೇಕಾರ ಯಾವತ್ತೂ ನಾಚಿಕೊಂಡಿಲ್ಲ. ನಮ್ಮಜ್ಜಿ ಬೈಂಡಿಂಗ್ ವೈರ್ ಸುತ್ತುವಾಗ ಮುಹೂರ್ತ ನೋಡಲಿಲ್ಲ.

ಪ್ಲಾಸ್ಟಿಕ್ಕಿನ ಬಗ್ಗೆ ಅವಳಿಗೆ ತಕರಾರೇ ಇರಲಿಲ್ಲ. ಅವಳ ತಕರಾರು ಎರಡೇ: ಇದಕ್ಕೆ ತೂಕ ಇಲ್ಲ, ಇದರಲ್ಲಿ ನೂತದ್ದನ್ನು ಕೊಳ್ಳುವವರು ಇಲ್ಲ. ಮೊದಲನೆಯದಕ್ಕೆ ಅವಳೇ ಪರಿಹಾರ ಕಂಡುಕೊಂಡಳು. ಎರಡನೆಯದು ನಮ್ಮ ಮೇಲಿದೆ.

ನಮ್ಮೂರಲ್ಲಿ ಉಣ್ಣೆಯ ಕಥೆ ಏನಾಗಿದೆ ಹೇಳುತ್ತೇನೆ. ಕರಿ ಕುರಿಯ ಉಣ್ಣೆ ಕತ್ತರಿಸಿ, ಹಿಂಜಿ, ನೂತು, ಹಾಸು ಹಾಕಿ, ಹುಣಸೆ ಬೀಜದ ಗಂಜಿ ಹಚ್ಚಿ, ಕುಣಿಮಗ್ಗದಲ್ಲಿ ನೇಯ್ದರೆ ಒಂದು ಕಂಬಳಿ. ಮಳೆಗೂ ಅದೇ, ಚಳಿಗೂ ಅದೇ, ದೇವರ ಗದ್ದುಗೆಗೂ ಅದೇ. ಈಗ ಸಂತೆಯಲ್ಲಿ ಪಾಣಿಪತ್ತಿನ ಬಣ್ಣದ ಬ್ಲಾಂಕೆಟ್ ಅದರ ಕಾಲು ಭಾಗದ ಬೆಲೆಗೆ ಸಿಗುತ್ತೆ. ನಮ್ಮ ಚಿಕ್ಕಪ್ಪ ಹೇಳುವ ಪ್ರಕಾರ ಉಣ್ಣೆ ಕತ್ತರಿಸುವವರ ಕೂಲಿಯಷ್ಟೂ ಉಣ್ಣೆಗೆ ಗಿಟ್ಟುವುದಿಲ್ಲ. ಕತ್ತರಿಸಿದ್ದನ್ನು ಹೊಲದ ಬದುವಿಗೆ ಸುರಿದು ಬರುತ್ತಾರೆ. ಅದಕ್ಕೇ ದಕ್ಖನ್ ಸೀಮೆಯಲ್ಲಿ ಎಷ್ಟೋ ಕುರಿಗಾರರು ಉಣ್ಣೆಯೇ ಇಲ್ಲದ, ಮಾಂಸಕ್ಕಾಗಿ ಸಾಕುವ ನೆಲ್ಲೂರು ತಳಿಯ ಕಡೆ ತಿರುಗಿದ್ದಾರೆ. ಲೆಕ್ಕ ಸರಿಯಾಗಿಯೇ ಇದೆ, ಅವರನ್ನು ದೂರುವ ಹಾಗಿಲ್ಲ. ಆದರೆ ಮೊದಲು ನೇಯುವವನು ನಿಲ್ಲಿಸಿದ, ಆಮೇಲೆ ನೂಲುವವಳು ನಿಲ್ಲಿಸಿದಳು, ಈಗ ಉಣ್ಣೆಯ ಕುರಿಯೇ ಹೋಗುತ್ತಿದೆ. ಇನ್ನೆಷ್ಟು ಕದಿರು ಪ್ರಿಂಟ್ ಮಾಡಿದರೆ ಆ ಕುರಿ ವಾಪಸ್ ಬರುತ್ತೆ?

ಬರೀ ನಮ್ಮೂರಿನ ಗೋಳಲ್ಲ ಇದು. ಕೇಂದ್ರ ಸರ್ಕಾರದ 2019-20ರ ನಾಲ್ಕನೇ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಕೈಮಗ್ಗ ನಂಬಿದ ಕೆಲಸಗಾರರು ಸುಮಾರು 35 ಲಕ್ಷ. ಅವರ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡರ ತಿಂಗಳ ಆದಾಯ 5000 ರೂಪಾಯಿಗಿಂತ ಕಡಿಮೆ. ಇವರ ಉಪಕರಣ "ಕಳೆದುಹೋಗಿಲ್ಲ". ಕಳೆದುಹೋಗುತ್ತಿರುವುದು ಅದನ್ನು ಹಿಡಿದ ಕೈಗೆ ಸಿಗಬೇಕಾದ ಕೂಲಿ. ಒಂದು ಕೆಜಿ ಫಿಲಮೆಂಟಿಗೆ ಸಾವಿರ ರೂಪಾಯಿ ಕೊಡುವಾಗ ನಾವು ತುಟಿ ಪಿಟಕ್ ಅನ್ನಲ್ಲ. ಮೇಳದಲ್ಲಿ ಕಂಬಳಿ ಮುಟ್ಟಿ ನೋಡಿ "ಚುಚ್ಚುತ್ತೆ, ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ" ಅಂತೀವಿ. ನಾನೂ ಅಂದಿದ್ದೇನೆ. ನಾನು ಕಂಬಳಿ ಹೊದ್ದು ಬೆಳೆದವನು, ನನಗೂ ನಾಚಿಕೆ ಆಗಿರಲಿಲ್ಲ.

ಹಾಗಾದರೆ ಪ್ರಿಂಟರ್ ಅಟ್ಟಕ್ಕೆ ಹಾಕಬೇಕಾ? ಇಲ್ಲ. ನಾವು ಶುರು ಮಾಡುವ ಜಾಗ ಬದಲಾಗಬೇಕು. ನಾವು ಫೈಲಿನಿಂದ ಶುರು ಮಾಡುತ್ತೇವೆ. ಕೂತು ಕೆಲಸ ಮಾಡುವವರಿಂದ ಶುರು ಮಾಡಬೇಕು.

ಇದಕ್ಕೊಂದು ಹಳೆಯ ಉದಾಹರಣೆ ಇದೆ. 1929ರಲ್ಲಿ ಗಾಂಧೀಜಿಯವರ ಅಖಿಲ ಭಾರತ ಚರಕ ಸಂಘ ಹೊಸ ಚರಕದ ವಿನ್ಯಾಸಕ್ಕೆ ಒಂದು ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ಆ ಕಾಲದ ಒಂದು ಲಕ್ಷ! ಅದರ ಷರತ್ತುಗಳನ್ನು ಓದಿದರೆ ನಮ್ಮ ಪ್ರಾಡಕ್ಟ್ ಮ್ಯಾನೇಜರುಗಳು ಬರೆಯುವ ಪತ್ರಗಳಿಗಿಂತ ಚೊಕ್ಕವಾಗಿವೆ. ಹಗುರವಾಗಿರಬೇಕು, ಹಳ್ಳಿಯ ಸಾಮಾನ್ಯ ಗುಡಿಸಿಲಲ್ಲಿ ಕೈಯಿಂದಲೋ ಕಾಲಿನಿಂದಲೋ ನಡೆಯಬೇಕು. ಒಬ್ಬ ಹೆಂಗಸು ಹೆಚ್ಚು ದಣಿಯದೆ ಎಂಟು ಗಂಟೆ ನೂಲುವಂತಿರಬೇಕು. ಆ ಎಂಟು ಗಂಟೆಯಲ್ಲಿ 12ರಿಂದ 20 ನಂಬರಿನ ನೂಲು 16,000 ಅಡಿ ಬರಬೇಕು. ಬೆಲೆ 150 ರೂಪಾಯಿ ದಾಟಬಾರದು. ಇಪ್ಪತ್ತು ವರ್ಷ ಬಾಳಬೇಕು. ವರ್ಷದ ರಿಪೇರಿ ಖರ್ಚು ಬೆಲೆಯ ನೂರಕ್ಕೆ ಐದರಷ್ಟನ್ನು ಮೀರಬಾರದು.

ನೋಡಿ, ಮೊದಲಿಂದ ಕೊನೆವರೆಗೂ ಒಬ್ಬ ಹೆಂಗಸು ಕೂತಿದ್ದಾಳೆ. ಅವಳ ಮನೆ, ಅವಳ ದಣಿವು, ಅವಳ ರಿಪೇರಿ ಖರ್ಚು. ಚರಕ ಪ್ರಾಚೀನವಾಗಿ ಕಾಣಬೇಕು ಅಂತ ಎಲ್ಲಿಯೂ ಇಲ್ಲ. ಆ ಬಹುಮಾನ ಯಾರಿಗೂ ಸಿಗಲಿಲ್ಲ. ಆದರೂ ಹೇಗೆ ಕೇಳಬೇಕು ಅನ್ನೋದಕ್ಕೆ ಅದು ಇವತ್ತಿಗೂ ಪಾಠ.

ನಾನೂ ಹಾಗೆ ಕೇಳಿ ನೋಡಿದೆ. ಪಕ್ಕದ ಬೀದಿಯಲ್ಲಿ ಇನ್ನೂ ಇಬ್ಬರು ರಾಟೆಯಲ್ಲಿ ಉಣ್ಣೆ ನೂಲುತ್ತಾರೆ. ಅವರನ್ನು ಕೇಳಿದರೆ, ರಾಟೆಯ ಕದಿರು ಕೂರುವ ಜಾಗ ಬೇಗ ಸವೆಯುತ್ತೆ ಅಂದರು. ಉತ್ಸಾಹದಿಂದ ಎರಡು ಬುಷ್ ಪ್ರಿಂಟ್ ಮಾಡಿ ಕೊರಿಯರ್ ಮಾಡಿದೆ. ವಾರದಲ್ಲಿ ಫೋನ್ ಬಂತು. ಪಿಎಲ್‌ಎ 60 ಡಿಗ್ರಿ ಹತ್ತಿರ ಮೆತ್ತಗಾಗುವ ವಸ್ತು, ಉಜ್ಜಾಟದ ಕಾವಿಗೆ ತೂತು ಅಗಲವಾಗಿ ಕದಿರು ಗಡಗಡ ಅಂತಿತ್ತಂತೆ. ಅವರು ಹಳೇ ಚಪ್ಪಲಿಯ ಚರ್ಮ ಕತ್ತರಿಸಿ ಹಾಕಿಕೊಂಡು ಮುಂದುವರಿಸಿದ್ದರು. ಎರಡನೇ ಸಲ ನೈಲಾನಿನಲ್ಲಿ ತಿರುವಿಸಿ ಕೊಟ್ಟೆ, ಅದು ಇನ್ನೂ ನಡೀತಿದೆ. ನೈಲಾನ್ ತಿರುವಿಸಿದ್ದು ಪ್ರಿಂಟರಿನಲ್ಲಲ್ಲ, ಚಳ್ಳಕೆರೆಯ ಲೇತ್ ಅಂಗಡಿಯಲ್ಲಿ. ಪ್ರಿಂಟರಿನಿಂದ ಆದ ಉಪಯೋಗ ಇಷ್ಟೇ: ಅಳತೆ ಸರಿಯಿದೆಯಾ ಅಂತ ಅಗ್ಗದಲ್ಲಿ, ಬೇಗ ಗೊತ್ತಾಯಿತು. ಅದೂ ಸಣ್ಣ ಮಾತಲ್ಲ. ಆದರೆ ಅದಕ್ಕೆ ಯಾರೂ ಬಿಳಿ ಬಟ್ಟೆ ಹಾಸಲ್ಲ, ಫೋಟೋ ತೆಗೆಯಲ್ಲ.

ಆ ಇಬ್ಬರ ನೂಲಿನಲ್ಲಿ ನೇಯಿಸಿದ ನಾಲ್ಕು ಕಂಬಳಿಗಳನ್ನು ಅವರು ಹೇಳಿದ ಬೆಲೆಗೆ ತಂದು ಆಫೀಸಿನಲ್ಲಿ ಮಾರಿದೆ. ನಾಲ್ಕರಿಂದ ಏನೂ ಉದ್ಧಾರ ಆಗಲ್ಲ, ಗೊತ್ತು. ಅಜ್ಜಿಯ ಪ್ರಶ್ನೆಗೆ ನಾಲ್ಕು ಕಂಬಳಿಯಷ್ಟು ಉತ್ತರ ಕೊಟ್ಟ ಹಾಗಾಯಿತು, ಅಷ್ಟೇ. ಒಬ್ಬಳು ಮಾತ್ರ "ಇದು ಯಾವ ಊರಿದು, ನೂತವರು ಯಾರು" ಅಂತ ಕೇಳಿದಳು. ಮಿಕ್ಕ ಮೂವರು ಜಿಪೇ ಮಾಡಿ ಹೋದರು. ಅದೂ ಸರಿಯೇ. ನೂತವರಿಗೆ ದುಡ್ಡು ಮುಟ್ಟಿತಲ್ಲ.

ನನ್ನ ಟೇಬಲ್ಲಿನ ಮೇಲೆ ಈಗಲೂ ಆ ಪ್ಲಾಸ್ಟಿಕ್ ಕದಿರು ಇದೆ, ಅಜ್ಜಿ ಸುತ್ತಿದ ವೈರಿನ ಸಮೇತ. ಚೀಟಿ ಮಾತ್ರ ಹರಿದು ಹಾಕಿದೆ.

ನೀವೂ ಹಳ್ಳಿಯಿಂದ ಬಂದವರಾದರೆ, ಈ ಶನಿವಾರ ಪ್ರಿಂಟರ್ ಆನ್ ಮಾಡುವ ಮೊದಲು ಮನೆಗೊಂದು ಫೋನ್ ಮಾಡಿ. ಅಟ್ಟದ ಮೇಲೆ, ಸೂರಿನ ಸಂದಿಯಲ್ಲಿ, ಹಳೇ ಟ್ರಂಕಿನಲ್ಲಿ ಏನಿದೆ ಕೇಳಿ. ಸಿಕ್ಕರೆ ಫೋಟೋ ಕಳಿಸಿ ಅಂತ ಹೇಳಬೇಡಿ. ಕಿರಾಣಿ ಅಂಗಡಿಗೆ ಒಯ್ದು ತೂಕ ಮಾಡಿಸಿ ಅನ್ನಿ. ಅದನ್ನು ಹಿಡಿಯೋಕೆ ಬರುವವರು ಊರಲ್ಲಿ ಯಾರಾದರೂ ಇದ್ದಾರಾ ಕೇಳಿ. ಇದ್ದರೆ, ಅವರು ಈಗ ಏನು ಮಾಡುತ್ತಿದ್ದಾರೆ, ದಿನಕ್ಕೆ ಎಷ್ಟು ಸಿಗುತ್ತೆ, ಅದನ್ನೂ ಕೇಳಿ.